ನಾನು ಹೇಳಿದ ಸಾಕ್ಷಿ, ಶಾಂತಪ್ಪಣ್ಣ ಬಿಟ್ಟ ಗುಳಿಗೆ

ನನಗೆ ಟಿಬಿ ಎರಡು ಸಲ ಬಂತು. ಮೊದಲನೆಯ ಸಲ ಎಲ್ಲಿಂದ ಬಂತೋ ದೇವರೇ ಬಲ್ಲ. ಎರಡನೆಯ ಸಲ ಹೇಗೆ ಬಂತೆಂದು ಮಾತ್ರ ನನಗೆ ಚೆನ್ನಾಗಿ ಗೊತ್ತು. ನನ್ನ ಬಾಯಿಯಿಂದಲೇ ಬಂತು. ಇದನ್ನು ಬರೆಯಲು ಮೂರು ಸಲ ಕೂತು ಮೂರು ಸಲವೂ ಎದ್ದು ಹೋಗಿದ್ದೇನೆ. ಈಗ ಮನಸ್ಸು ಗಟ್ಟಿ ಮಾಡಿಕೊಂಡದ್ದಕ್ಕೆ ಕಾರಣವಿದೆ. ಗುಳಿಗೆ ಬಚ್ಚಿಟ್ಟು, ಆರಾಮಾಗಿದ್ದೇನೆಂದು ನಗುತ್ತ ಆರಾಧನೆಗೆ ಬಂದು ಕೂರುವ ಹೆಂಗಸು ನಾನೊಬ್ಬಳೇ ಇರಲಿಕ್ಕಿಲ್ಲ.

ನನ್ನ ಹೆಸರು ಸುಗುಣಾ. ಇರುವುದು ವಾಡಿಯಲ್ಲಿ. ಮನೆಯವರು ಡೇವಿಡ್, ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಬ್ಬಳೇ ಮಗಳು ಶೀಬಾ, ಆಗ ಪಿಯುಸಿ ಓದುತ್ತಿದ್ದಳು. ನಮ್ಮ ಕ್ರೈಸ್ತ ಸಭೆಯ ಮಹಿಳಾ ಸಂಘಕ್ಕೆ ಆರೇಳು ವರ್ಷದಿಂದ ನಾನೇ ಮುಂದಾಳು. ಹಾಡು ಎತ್ತಿಕೊಡುವುದು, ವಾಕ್ಯ ಹೇಳುವುದು, ಯಾರ ಮನೆಯಲ್ಲಿ ಜಗಳವಾದರೂ ಹೋಗಿ ಬುದ್ಧಿ ಹೇಳುವುದು ನನ್ನ ಪಾಲಿನ ಸೇವೆ. ಸುಳ್ಳು ಯಾಕೆ ಹೇಳಲಿ, ಬುದ್ಧಿ ಹೇಳುವುದೆಂದರೆ ನನಗೆ ಊಟಕ್ಕಿಂತ ರುಚಿ. ಬಿತ್ತಿದ್ದನ್ನೇ ಕೊಯ್ಯಬೇಕು ಎಂಬ ಬೈಬಲ್ ವಾಕ್ಯ ಇಟ್ಟುಕೊಂಡು ಎರಡು ಸಲ ಪ್ರಸಂಗ ಮಾಡಿದ್ದೆ. ಅದು ಕುಡಿಯುವ ಗಂಡಸರಿಗೆಂದು ಇರುವ ವಾಕ್ಯ ಎಂದೇ ತಿಳಿದಿದ್ದೆ.

ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಾಡಿಯಲ್ಲಿ ಕೆಮ್ಮದವರು ಯಾರಿದ್ದಾರೆ? ಒಂದು ತಿಂಗಳಾಯಿತು, ಬ್ಲೌಸಿನ ತೋಳು ಸಡಿಲಾಯಿತು, ಸಂಜೆಯಾದರೆ ಮೈ ಬಿಸಿ. ಊರಿನಲ್ಲೇ ತೋರಿಸಬಹುದಿತ್ತು. ಆದರೆ ಅಲ್ಲಿ ಕೂತವರಲ್ಲಿ ಅರ್ಧ ಜನ ನನ್ನ ಹತ್ತಿರ ಬಟ್ಟೆ ಹೊಲಿಸುವವರು. ಟಿಬಿ ಇರುವ ಹೆಂಗಸು ಹೊಲಿದ ಬ್ಲೌಸನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಚಿತ್ತಾಪುರದ ಸರಕಾರಿ ದವಾಖಾನೆಗೆ ಹೋದೆ. ಕಫ ಕೊಟ್ಟು ಬಂದೆ. ಎರಡು ದಿನದ ಮೇಲೆ ಫೋನ್ ಬಂತು, ಇದೆ ಎಂದರು. ಫೋನ್ ಇಟ್ಟವಳೇ ಅರ್ಧ ಹೊಲಿದ ಬ್ಲೌಸನ್ನು ಕೊನೆಯವರೆಗೂ ಹೊಲಿದು, ಹುಕ್ಕು ಹಾಕಿ, ಮಡಚಿಟ್ಟು, ಆಮೇಲೆ ಅತ್ತೆ.

ದವಾಖಾನೆಯಲ್ಲಿ ಟಿಬಿ ಗುಳಿಗೆ ಕೊಡುವವರು ಮೆಹಬೂಬ ಭಾಯಿ. ಐವತ್ತು ದಾಟಿದ ಮನುಷ್ಯ, ಮಾತು ನೇರ, ಯಾರ ಹೆಸರನ್ನೂ ಮರೆಯುವವರಲ್ಲ. ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನು ಸೆರಗು ಕಣ್ಣಿನವರೆಗೆ ಎಳೆದುಕೊಂಡು ಕೂತಿರುತ್ತಿದ್ದೆ. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಇನ್ನೊಬ್ಬರು ಕೂರುತ್ತಿದ್ದರು. ಎರಡನೆಯ ಸಲ ಹೋದಾಗ ಅವರೇ ಮಾತಾಡಿಸಿದರು. ಹೆಸರು ಶಾಂತಪ್ಪ, ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ, ಅಲ್ಲಿಯ ಸಭೆಯ ವಿಶ್ವಾಸಿ. ಅವರೂ ಊರಲ್ಲಿ ಗೊತ್ತಾಗಬಾರದೆಂದೇ ಇಲ್ಲಿಯವರೆಗೆ ಬರುತ್ತಿದ್ದರು. ಇಬ್ಬರೂ ಮುಖ ಮುಚ್ಚಿಕೊಂಡೇ ನಕ್ಕೆವು. ಆಮೇಲಿಂದ ನಾನು ಅವರನ್ನು ಅಣ್ಣ ಎಂದೆ, ಅವರು ನನ್ನನ್ನು ಅಕ್ಕ ಎಂದರು, ವಯಸ್ಸಿನಲ್ಲಿ ಹಿರಿಯರಾದರೂ. ಗುಳಿಗೆ ನುಂಗಿದರೆ ಮೂತ್ರ ಕೆಂಪಗಾಗುವುದನ್ನು ಮೊದಲು ಧೈರ್ಯ ಮಾಡಿ ಕೇಳಿದವರು ಅವರೇ. ನಿನಗೂ ಹಾಗೇ ಆಗುತ್ತದೋ ಎಂದು ಕೇಳಿ, ಹೌದೆಂದಾಗ ಅಷ್ಟು ದೊಡ್ಡ ಉಸಿರು ಬಿಟ್ಟರು. ಆ ಬೆಂಚಿನಲ್ಲಿ ನನಗೆ ಸಿಕ್ಕ ಸಮಾಧಾನ ಇನ್ನೆಲ್ಲೂ ಸಿಗಲಿಲ್ಲ.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ನಮ್ಮ ಸಭೆಗೆ ಗೊತ್ತಾಯಿತು. ಯಾರೂ ಕೆಟ್ಟ ಮಾತಾಡಲಿಲ್ಲ, ಎಲ್ಲರೂ ಪ್ರಾರ್ಥನೆ ಮಾಡಿದರು. ಆದರೆ ನಮ್ಮಲ್ಲಿ ಕರ್ತನ ಭೋಜನದ ದಿನ ಎಲ್ಲರೂ ಸಾಲಾಗಿ ಮೊಣಕಾಲೂರಿ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ಪದ್ಧತಿ. ಆ ತಿಂಗಳು ನಾನು ಮೊಣಕಾಲೂರಿದಾಗ ಪಕ್ಕದವರು ಮೆಲ್ಲಗೆ ಎದ್ದು ಹೋಗಿ ಆಚೆ ತುದಿಯಲ್ಲಿ ಸೇರಿಕೊಂಡರು. ಸಾಲಿನ ಕೊನೆಗೆ ನಾನೊಬ್ಬಳೇ ಉಳಿದೆ. ಪಾಸ್ಟರ್ ನನಗೆ ಬೇರೆ ಲೋಟದಲ್ಲಿ ಕೊಟ್ಟರು. ಅವರು ಮಾಡಿದ್ದು ಸರಿ, ಈಗ ಹೇಳುತ್ತೇನೆ. ಅವತ್ತು ಮಾತ್ರ ಹಾಗೆ ಅನ್ನಿಸಲಿಲ್ಲ. ಇಷ್ಟು ವರ್ಷ ಇವರ ಮನೆಮನೆಗೆ ಹೋಗಿ ಬುದ್ಧಿ ಹೇಳಿದವಳು ನಾನು, ನನ್ನನ್ನು ಕೊನೆಗೆ ತಳ್ಳಿದರಲ್ಲ ಎಂದು ಹಲ್ಲು ಕಚ್ಚಿಕೊಂಡೇ ಕುಡಿದೆ.

ಎರಡೂವರೆ ತಿಂಗಳಿಗೆ ಕೆಮ್ಮು ಹೋಯಿತು, ಮೈ ತುಂಬಿಕೊಂಡಿತು. ಆ ಹೊತ್ತಿಗೆ ಶಹಾಬಾದದಲ್ಲಿ ಉಜ್ಜೀವನ ಕೂಟವೆಂದು ಮೂರು ದಿನದ ದೊಡ್ಡ ಪ್ರಾರ್ಥನಾ ಸಭೆ ನಡೆಯಿತು. ಸುತ್ತಲಿನ ಸಭೆಗಳವರೆಲ್ಲ ಬಂದಿದ್ದರು. ಕೊನೆಯ ದಿನ, ಸ್ವಸ್ಥತೆ ಹೊಂದಿದವರು ಬಂದು ದೇವರು ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳಬೇಕೆಂದು ಕರೆದರು. ಗುಳಿಗೆ ಬಿಟ್ಟವರು ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಗುಳಿಗೆ ಬಿಟ್ಟ ಮಾತು ಪೂರಾ ನಾನೇ ಸೇರಿಸಿದ್ದು. ಮೈಕು ಕೈಗೆ ಬಂತು, ಎದುರಿಗೆ ಅಷ್ಟೊಂದು ಮುಖ, ಮುಂದಿನ ಸಾಲಿನಲ್ಲಿ ನನ್ನ ಪಕ್ಕದಿಂದ ಎದ್ದುಹೋದ ಹೆಂಗಸರು. ಕರ್ತನು ನನ್ನ ರೋಗ ತೆಗೆದುಹಾಕಿದ ಎಂದೆ. ಜನ ಸ್ತೋತ್ರ ಎಂದರು. ಅಷ್ಟಕ್ಕೇ ಇಳಿದು ಬಂದಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಆದರೆ ಆ ಸ್ತೋತ್ರದ ಕೂಗು ಕಿವಿಗೆ ಬಿತ್ತು ನೋಡಿ, ನಿಲ್ಲಲಾಗಲಿಲ್ಲ.

"ಹದಿನೈದ್ ದಿನ ಆತು, ಒಂದ್ ಗುಳಗಿ ನುಂಗಿಲ್ಲ ನಾ," ಎಂದುಬಿಟ್ಟೆ.

ಅವತ್ತು ಬೆಳಿಗ್ಗೆಯೇ ನುಂಗಿ ಬಂದಿದ್ದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಈಗ ನುಂಗಿದರೆ ನಾನು ಸುಳ್ಳಿ, ಅದಕ್ಕಿಂತ ಹೆಚ್ಚಾಗಿ ದೇವರ ಹೆಸರಿಗೆ ಕಳಂಕ, ಹೀಗೆ ನನ್ನ ತಲೆ ಓಡಿತು. ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಬದಲು ಅದನ್ನು ನಿಜ ಮಾಡಲು ಹೊರಟೆ. ಉಳಿದ ಗುಳಿಗೆಗಳನ್ನು ಹೊಲಿಗೆ ಮಷಿನ್ನಿನ ಡ್ರಾವರಿನಲ್ಲಿ ಬಾಬಿನ್ನುಗಳ ಕೆಳಗೆ ಸೇರಿಸಿದೆ. ಇಷ್ಟು ಬಲವಾದ ವಿಶ್ವಾಸ ಇಟ್ಟವಳನ್ನು ದೇವರು ಕೈಬಿಡುವನೇ ಎಂದು ಪ್ರಾರ್ಥನೆಯನ್ನೂ ಮಾಡಿದೆ. ಅದು ವಿಶ್ವಾಸವಾಗಿರಲಿಲ್ಲ. ನನ್ನ ಮಾತು ಉಳಿಸಿಕೊಡು ಎಂದು ದೇವರಿಗೆ ಹಾಕಿದ ಒತ್ತಾಯ. ಇದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

ಮೆಹಬೂಬ ಭಾಯಿ ಸುಮ್ಮನಿರಲಿಲ್ಲ. ಫೋನಿನ ಮೇಲೆ ಫೋನ್ ಮಾಡಿದರು, ಮನೆಯವರೆಗೂ ಬಂದರು. ಸೇಡಂನಲ್ಲಿ ಅಕ್ಕನ ಮನೆಯಿದೆ, ಅಲ್ಲಿ ಖಾಸಗಿ ಡಾಕ್ಟರ ಹತ್ತಿರ ಗುಳಿಗೆ ನಡೆದಿದೆ ಎಂದು ಅವರಿಗೂ ಒಂದು ಸುಳ್ಳು ಹೇಳಿದೆ. ಸೇಡಂನಲ್ಲಿ ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಸಭೆಯಲ್ಲಿ ಮಾತ್ರ ನನ್ನ ಜಾಗ ನನಗೆ ವಾಪಸು ಬಂತು. ಕರ್ತನ ಭೋಜನದ ದಿನ ಸಾಲಿನ ನಡುವೆಯೇ ಮೊಣಕಾಲೂರಿದೆ. ಕಾಯಿಲೆಯವರು ಹುಡುಕಿಕೊಂಡು ಬಂದು ತಲೆಯ ಮೇಲೆ ಕೈಯಿಡಿಸಿಕೊಂಡು ಹೋದರು. ಮೂರು ತಿಂಗಳು ನಾನು ಆಕಾಶದಲ್ಲೇ ಇದ್ದೆ.

ಆಮೇಲೆ ಸಂಜೆಯ ಜ್ವರ ಬಂತು. ಮಳೆಗಾಲದ್ದು ಎಂದುಕೊಂಡೆ. ಕೆಮ್ಮು ಬಂತು, ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದೆ. ಒಂದು ದಿನ ಮಧ್ಯಾಹ್ನ ಬಿಳಿ ಅಸ್ತರು ಕತ್ತರಿಸುತ್ತಿದ್ದಾಗ ಕೆಮ್ಮು ಬಂದು ಅಸ್ತರಿನ ಮೇಲೆ ರಕ್ತ ಬಿತ್ತು. ಕಾಲೇಜಿನಿಂದ ಬಂದ ಶೀಬಾ ಬಾಗಿಲಲ್ಲೇ ನಿಂತು ನೋಡಿದಳು. ಅವಳು ಕಿರುಚಲಿಲ್ಲ. ನೆಟ್ಟಗೆ ಮಷಿನ್ನಿನ ಹತ್ತಿರ ಹೋಗಿ ಡ್ರಾವರು ಎಳೆದು ಗುಳಿಗೆ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನ್ನ ಮುಖ ನೋಡದೆ ಅವಳು ಅಪ್ಪನಿಗೆ ಫೋನ್ ಮಾಡಿದಳು.

ಮತ್ತೆ ಅದೇ ಬೆಂಚು. ಈ ಸಲ ಪಕ್ಕದ ಜಾಗ ಖಾಲಿ. ಮೆಹಬೂಬ ಭಾಯಿ ಬೈಯುತ್ತಾರೆಂದು ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ, ಚೀಟಿ ಬರೆಯುತ್ತ ಬರೆಯುತ್ತ ಹೇಳಿದರು. ಅರ್ಧಕ್ಕೆ ಬಿಟ್ಟವರಿಗೆ ಹಳೆಯ ಗುಳಿಗೆ ನಾಟದೇ ಹೋಗಬಹುದಂತೆ, ಅದಕ್ಕೆ ಕಲಬುರ್ಗಿಯಲ್ಲಿ ಬೇರೆ ಪರೀಕ್ಷೆಯಾಗಬೇಕಂತೆ, ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದೆ. ಆಮೇಲೆ ಪೆನ್ನು ಕೆಳಗಿಟ್ಟರು.

"ಶಾಂತಪ್ಪ ನೆನಪದಾನಲ್ರೀ, ಶಹಾಬಾದದಂವ? ಅವನೂ ಗುಳಗಿ ಬಿಟ್ಟಾನ. ನಾ ಮನಿತನ ಹೋಗಿ ಕೇಳ್ದೆ. 'ಸುಗುಣಕ್ಕ ಬಿಟ್ಟು ಆರಾಮ್ ಆಗ್ಯಾಳ, ನನಗೂ ದೇವರು ಹಾನ' ಅಂದ."

 ಶಾಂತಪ್ಪಣ್ಣ ಆ ಕೂಟದಲ್ಲಿ ಇದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ಅಷ್ಟು ಮುಖಗಳಲ್ಲಿ ನಾನು ಹುಡುಕಿದ್ದು ನನ್ನನ್ನು ದೂರ ಸರಿಸಿದವರ ಮುಖ ಮಾತ್ರ. ಈಗ ಹೇಗಿದ್ದಾರೆ ಎಂದು ಕೇಳಿದೆ. ಕಲ್ಲಿನ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಚಿಂಚೋಳಿಯ ಆಚೆ ಹೆಂಡತಿಯ ತವರಿಗೆ ಹೋದರಂತೆ, ಫೋನು ಹತ್ತುವುದಿಲ್ಲವಂತೆ. ಅಲ್ಲಿಯ ದವಾಖಾನೆಯವರಿಗೆ ತಿಳಿಸಿದ್ದೇನೆ, ಅವರು ಹೋದರೂ ಈತ ಗುಳಿಗೆ ಮುಟ್ಟುತ್ತಿಲ್ಲ ಎಂದರು ಮೆಹಬೂಬ ಭಾಯಿ. ನಾವು ಹೇಳಿದರೆ ಕೇಳುವವನಲ್ಲ, ಯಾರ ಮಾತು ಕೇಳಿ ಬಿಟ್ಟನೋ ಅವರೇ ಹೇಳಬೇಕು ಎಂದರು.

ತಕ್ಷಣ ಎದ್ದು ಹೋದೆ ಎಂದು ಬರೆಯಲು ಎಷ್ಟು ಆಸೆಯೋ ನನಗೆ! ಹೋಗಲಿಲ್ಲ. ಹನ್ನೊಂದು ದಿನ ಹೋಗಲಿಲ್ಲ. ಮೊದಲು ನನ್ನ ರಿಪೋರ್ಟು ಬರಲಿ ಎಂದುಕೊಂಡೆ. ರಿಪೋರ್ಟು ಬಂತು, ಹಳೆಯ ಗುಳಿಗೆ ನಾಟುವುದಿಲ್ಲ, ಹೊಸದನ್ನು ಹನ್ನೊಂದು ತಿಂಗಳು ತೆಗೆದುಕೊಳ್ಳಬೇಕು ಎಂದರು. ಡೇವಿಡ್‌ರ ಮತ್ತು ಶೀಬಾಳ ಪರೀಕ್ಷೆ ಆಗಲಿ ಎಂದುಕೊಂಡೆ. ಆ ಎರಡು ದಿನ ನೀರೂ ಇಳಿಯಲಿಲ್ಲ. ಇಬ್ಬರಿಗೂ ಏನೂ ಇಲ್ಲ ಎಂದಾಗ ಗೋಡೆಗೆ ಹಣೆ ಹಚ್ಚಿ ಅತ್ತೆ. ಅಷ್ಟಾದರೂ ಹೋಗಲಿಲ್ಲ. ಅಲ್ಲಿ ಯಾರೋ ಹೇಳಿರುತ್ತಾರೆ, ಅವರೇ ಶುರು ಮಾಡಿರುತ್ತಾರೆ, ಇಲ್ಲದಿದ್ದರೆ ದೇವರು ನಿಜವಾಗಿಯೂ ಅವರನ್ನು ಮುಟ್ಟಿರಬಹುದು. ಮನಸ್ಸು ಎಷ್ಟು ಬಾಗಿಲು ಹುಡುಕುತ್ತದೆ ನೋಡಿ. ಒಳಗೆ ಮಾತ್ರ ಒಂದೇ ಮಾತು ಕುಟ್ಟುತ್ತಿತ್ತು, ಆ ಮನುಷ್ಯ ಸತ್ತರೆ ಸುಗುಣಾ, ನಿನ್ನಿಂದ ಸತ್ತ.

ಕೊನೆಗೆ ಪಾಸ್ಟರ ಮನೆಗೆ ಹೋದೆ. ಅಂಗಳದಲ್ಲೇ ದೂರ ಕೂತು, ಮಾಸ್ಕಿನೊಳಗಿಂದಲೇ ಎಲ್ಲ ಹೇಳಿದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದು ಒಂದೇ. ದೇವರು ಕ್ಷಮಿಸಿದ್ದಾನಮ್ಮ, ಹೋಗಿ ಮಲಗು ಎಂದು ಅವರು ಹೇಳಿಬಿಟ್ಟರೆ ಚಿಂಚೋಳಿಗೆ ಹೋಗುವ ಕೆಲಸ ತಪ್ಪುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಹಿರಿಯರು, ಎಲ್ಲರಿಗೂ ಮೆತ್ತಗೆ ಮಾತಾಡುವವರು, ನನಗೂ ಮೆತ್ತಗೇ ಹೇಳಿದರು.

"ಕ್ಷಮಾ ನಿಮಗ ಇವತ್ತೇ ಅದ, ತಾಯಿ. ಖರೆ ಶಾಂತಪ್ಪಗ ಗುಳಗಿ ಇನ್ನಾ ಇಲ್ಲ."

ಪ್ರಾರ್ಥನೆ ಮಾಡಿ ಕಳಿಸಿದರು. ಕ್ಷಮೆ ಬಂದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆಂದು ನಾನು ಎಷ್ಟು ಹೆಂಗಸರಿಗೆ ಹೇಳಿದ್ದೆನೋ. ಅಳಿಸುವುದು ದೇವರ ಮುಂದೆ. ನನ್ನ ಎಕ್ಸರೇಯಲ್ಲಿ ಕಲೆ ಹಾಗೇ ಇತ್ತು. ಚಿಂಚೋಳಿಯ ಆಚೆ ಒಬ್ಬ ಮನುಷ್ಯ ಗುಳಿಗೆಯಿಲ್ಲದೆ ಹಾಗೇ ಮಲಗಿದ್ದ.

ಬಸ್ಸಿನಲ್ಲಿ ಹೋಗುವ ಹಾಗಿರಲಿಲ್ಲ, ತುಂಬಿದ ಬಸ್ಸಿನಲ್ಲಿ ನಾನು ಕೆಮ್ಮುತ್ತ ಕೂತರೆ ಇನ್ನೆಷ್ಟು ಜನರ ಪಾಪ ಹೊರಲಿ? ಡೇವಿಡ್ ರಜೆ ಹಾಕಿ ಬೈಕು ತೆಗೆದರು. ರಿಪೋರ್ಟು ಬಂದ ದಿನದಿಂದ ಅವರು ನನ್ನ ಜೊತೆ ಊಟ, ನೀರು ಎಂಬಷ್ಟೇ ಮಾತಾಡಿದ್ದರು. ಚಿತ್ತಾಪುರ ದಾಟಿದೆವು, ಸೇಡಂ ಬಂತು, ಮಾತಿಲ್ಲ. ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು. ಸೇಡಂ ದಾಟಿದ ಮೇಲೆ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ ನೀರು ಕೊಟ್ಟರು. ನಾನು ಮಾಸ್ಕು ಸರಿಸಿ ಕುಡಿಯುವಾಗ ಬೇರೆ ಕಡೆ ನೋಡುತ್ತ ಬಾಯಿ ಬಿಟ್ಟರು.

"ಅವತ್ತ ಮುಂಜಾನಿ ಗುಳಗಿ ನುಂಗ್ಲಿಕ್ಕ ನೀರ ಕೊಟ್ಟಾಂವ ನಾನೇ. ನೀ ಮೈಕಿನ್ಯಾಗ ಹದಿನೈದ್ ದಿನ ಅಂದಾಗ ನಾ ಸುಮ್ಮ ಕುಂತೆ. ಮಂದಿ ಚಪ್ಪಾಳಿ ಹೊಡದ್ರು, ನಾನೂ ಹೊಡದೆ."

 ಇಷ್ಟು ದಿನ ಅವರು ನನ್ನ ಮೇಲೆ ಸಿಟ್ಟಾಗಿದ್ದಾರೆಂದು ಹೆದರಿದ್ದೆ. ಅವರ ಸಿಟ್ಟು ಅವರ ಮೇಲೇ ಇತ್ತು. ಉಳಿದ ದಾರಿಯಲ್ಲಿ ಅವರ ಭುಜ ಹಿಡಿದುಕೊಂಡು ಕೂತೆ, ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಜೋಡಿಸಿದ್ದೆಲ್ಲ ಚಿಂಚೋಳಿ ಬರುವ ಹೊತ್ತಿಗೆ ಹಾರಿಹೋಯಿತು.

ಮನೆ ಕೇಳಿ ಹುಡುಕಿದೆವು. ಹಾಸುಗಲ್ಲಿನ ಸಣ್ಣ ಮನೆ, ಮುಂದೆ ಚಪ್ಪರ. ಚಪ್ಪರದ ಕೆಳಗೆ ಹೊರಸಿನ ಮೇಲೆ ಮಲಗಿದ್ದವರನ್ನು ನಾನು ಗುರುತಿಸಲಿಲ್ಲ. ಅವರ ಹೆಂಡತಿ ರತ್ನಮ್ಮ ಬಾಗಿಲಿಗೆ ಬಂದು, ನನ್ನ ಮಾಸ್ಕು ನೋಡಿ ಯಾರೆಂದು ಕೇಳಿದರು. ಹೆಸರು ಹೇಳಿದೆ. ಅಷ್ಟೇ ಸಾಕಾಯಿತು, ಆ ಹೆಂಗಸಿನ ಮುಖ ಅರಳಿತು. ಒಳಗೆ ಹೋಗಿ ಚಾಪೆ ತಂದು ಹಾಸಿದರು, ಗಂಡನನ್ನು ಕೈಹಿಡಿದು ಎಬ್ಬಿಸಿ ಕೂರಿಸಿದರು. ಸಾಕ್ಷಿ ಹೇಳಿದ ಅಕ್ಕ ಬಂದಿದ್ದಾಳೆ ಎಂದು ಮೂರು ಸಲ ಹೇಳಿದರು. ನಾನು ಪ್ರಾರ್ಥನೆ ಮಾಡಲು ಬಂದಿದ್ದೇನೆಂದು ಅವರಿಬ್ಬರೂ ತಿಳಿದರು.

ಶಾಂತಪ್ಪಣ್ಣನಿಗೆ ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. ಆದರೂ ಕೈ ಜೋಡಿಸಿದರು.

"ಭಾಳ ಚಲೋ ಆತಕ್ಕಾ ಬಂದಿ. ನಿನ್ನ ಹಂಗ ನನಗ ವಿಶ್ವಾಸ ಬರವಲ್ದು. ಎಷ್ಟ ಬೇಡಿದ್ರೂ ಕೆಮ್ಮು ಹೋಗವಲ್ದು. ನನ್ನೊಳಗೇ ಏನೋ ಕಮ್ಮಿ ಅದ."

ನಾಲ್ಕು ತಿಂಗಳಿಂದ ಆ ಮನುಷ್ಯ ತನ್ನ ವಿಶ್ವಾಸ ಸಾಲದೆಂದು ತನ್ನನ್ನೇ ಬೈದುಕೊಳ್ಳುತ್ತ ಮಲಗಿದ್ದ. ರತ್ನಮ್ಮನೂ ಬೈದಿದ್ದರಂತೆ, ಅವರೇ ಹೇಳಿದರು, ನಿಮಗೆ ನಂಬಿಕೆ ಗಟ್ಟಿಯಿದ್ದಿದ್ದರೆ ಇಷ್ಟು ಹೊತ್ತಿಗೆ ಎದ್ದು ಓಡಾಡುತ್ತಿದ್ದಿರಿ ಎಂದು.  ಡೇವಿಡ್ ಹಿಂದೆ ನಿಂತಿದ್ದರು. ಈಗಲೂ ಸುಮ್ಮನೆ ಪ್ರಾರ್ಥನೆ ಮಾಡಿ, ಗುಳಿಗೆಯನ್ನೂ ತಗೊಳ್ಳಿ ಎಂದು ನಯವಾಗಿ ಹೇಳಿ ಎದ್ದುಬಿಡಬಹುದು ಎಂಬ ಆಸೆ ಆ ಹೊತ್ತಿನಲ್ಲೂ ಬಂತು. ದೇವರಿಗೆ ಸ್ತೋತ್ರ, ಅಷ್ಟರಲ್ಲಿ ನನಗೆ ಕೆಮ್ಮು ಹತ್ತಿತು. ಚಾಪೆಯ ತುದಿಗೆ ಹೋಗಿ ಮುಖ ತಿರುಗಿಸಿ ಕೆಮ್ಮಿದೆ, ಬಹಳ ಹೊತ್ತು ಕೆಮ್ಮಿದೆ. ತಿರುಗಿ ನೋಡಿದಾಗ ಇಬ್ಬರ ಮುಖದ ಮೇಲಿನ ನಗು ಹೋಗಿತ್ತು.

"ಅಣ್ಣಾ, ನಾ ಸುಳ್ಳ ಹೇಳೀನಿ," ಎಂದೆ. "ಆ ದಿನಾನೂ ಗುಳಗಿ ನುಂಗೇ ಬಂದಿದ್ದೆ. ಆಮ್ಯಾಲ ಬಿಟ್ಟೆ. ಈಗ ಮತ್ತ ಬಂದದ ನನಗ, ಮೊದ್ಲಿಗಿಂತ ಕೆಟ್ಟದ್ದು."

 ರತ್ನಮ್ಮ ಗಂಡನ ಬೆನ್ನಿಗೆ ಕೊಟ್ಟಿದ್ದ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು. ಶಾಂತಪ್ಪಣ್ಣ ನನ್ನನ್ನು ಹೊಡೆದಿದ್ದರೂ, ಉಗಿದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವರು ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಮೆಲ್ಲಗೆ ಸಡಿಲಾಯಿತು.

"ಹಂಗಾರ ನನ್ನ ವಿಶ್ವಾಸ ಕಮ್ಮಿ ಇರ್ಲಿಲ್ಲೇನಕ್ಕಾ?"

"ಇರ್ಲಿಲ್ಲಣ್ಣಾ. ನಿಂದ ಖರೆ ಇತ್ತು. ನಂದೇ ಸುಳ್ಳು."

ಅವರು ಕಣ್ಣು ಮುಚ್ಚಿ, ಸ್ತೋತ್ರ ಸ್ವಾಮಿ ಎಂದರು. ರತ್ನಮ್ಮ ಗಂಡನ ಪಾದದ ಹತ್ತಿರ ಕುಸಿದು ಕೂತು ಗಟ್ಟಿಯಾಗಿ ಅತ್ತರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಡೇವಿಡ್ ಮೆಹಬೂಬ ಭಾಯಿಗೆ ಫೋನ್ ಹಚ್ಚಿದರು, ಮೆಹಬೂಬ ಭಾಯಿ ಚಿಂಚೋಳಿಯ ದವಾಖಾನೆಗೆ ಹೇಳಿದರು. ಅವತ್ತೇ ಸಂಜೆಯೊಳಗೆ ಶಾಂತಪ್ಪಣ್ಣನನ್ನು ಸೇರಿಸಿಕೊಂಡರು, ಪರೀಕ್ಷೆ ಮಾಡಿ ಗುಳಿಗೆ ಶುರು ಮಾಡಿದರು.

ಅದರ ಮುಂದಿನ ಭಾನುವಾರ ನಮ್ಮ ಸಭೆಯಲ್ಲೂ ನಿಂತು ಹೇಳಿದೆ. ಐದಾರು ಮಾತು, ಅಷ್ಟೇ. ಯಾರೂ ಆಮೆನ್ ಎನ್ನಲಿಲ್ಲ. ದೇವರ ಹೆಸರು ಕೆಡಿಸಿದಿ ಎಂದು ಒಬ್ಬರು ಮುಖದ ಮೇಲೇ ಅಂದರು, ಹೌದು ಎಂದೆ. ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸು ಹೊರಗೆ ಮರದ ಹತ್ತಿರ ನನಗಾಗಿ ಕಾದು ನಿಂತಿದ್ದರು. ಪರ್ಸು ತೆರೆದು ಸಕ್ಕರೆ ಕಾಯಿಲೆಯ ಗುಳಿಗೆ ತೋರಿಸಿ, ನಿನ್ನ ಸಾಕ್ಷಿ ಕೇಳಿದ ದಿನದಿಂದ ಬಿಟ್ಟಿದ್ದೆ, ನಾಳೆಯಿಂದ ಶುರು ಮಾಡಲೇ ಎಂದು ಕೇಳಿದರು. ಇವತ್ತೇ ಮಾಡಿ ಎಂದೆ. ಇನ್ನೂ ಎಷ್ಟು ಜನರೋ ಎಂಬ ಭಯ ಆವತ್ತು ಹೊಕ್ಕಿದ್ದು ಇಂದಿಗೂ ಪೂರ್ತಿ ಹೋಗಿಲ್ಲ.

ನನ್ನ ಹೊಸ ಗುಳಿಗೆಗಳು ಬಹಳ ಕಠಿಣ. ಮೈ ಕಪ್ಪಾಯಿತು, ಪಾದ ಜೋಮು ಹಿಡಿದು ಚಪ್ಪಲಿ ಕಳಚಿದ್ದೂ ಗೊತ್ತಾಗುತ್ತಿರಲಿಲ್ಲ, ಅನ್ನದ ವಾಸನೆಗೇ ವಾಂತಿ. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದೇ ಇದ್ದದ್ದು ಫೋನಿನ ಸದ್ದು. ಚಿಂಚೋಳಿಯಿಂದ ಏನು ಸುದ್ದಿಯೋ ಎಂದು ಪ್ರತಿ ಸಲ ಜೀವ ಬಾಯಿಗೆ ಬರುತ್ತಿತ್ತು. ಜ್ವರ ಇಳಿಯಿತಂತೆ ಎಂದಾಗ ಕುಣಿದಾಡುವಷ್ಟಾಯಿತು. ಮತ್ತೆ ಆಮ್ಲಜನಕ ಹಚ್ಚಿದ್ದಾರೆ ಎಂದಾಗ ಮಷಿನ್ನಿನ ಮುಂದೆ ಕೂತಲ್ಲೇ ಮೊಣಕಾಲೂರಿದೆ. ಎರಡು ತಿಂಗಳು ತುಂಬುವ ಮುಂಚೆ ಶಾಂತಪ್ಪಣ್ಣ ತೀರಿಕೊಂಡರು.

ಮಣ್ಣಿಗೆ ಹೋದೆ. ಮಾಸ್ಕು ಹಾಕಿಕೊಂಡು ಎಲ್ಲರಿಗಿಂತ ದೂರ ನಿಂತೆ. ಈಗ ಆ ದೂರ ನನಗೆ ಅವಮಾನ ಅನ್ನಿಸಲಿಲ್ಲ. ಡಾಕ್ಟರು ಹೇಳಿದ್ದರಂತೆ, ಕಲ್ಲಿನ ಧೂಳು ಅವರ ಪುಪ್ಪುಸವನ್ನು ಎಂದೋ ತಿಂದಿತ್ತು, ಗುಳಿಗೆ ಬಿಡದಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದು. ಪಾಪ, ಜನ ನನ್ನನ್ನು ಸಮಾಧಾನ ಮಾಡಲು ಈ ಮಾತನ್ನು ಪದೇ ಪದೇ ಹೇಳುತ್ತಾರೆ. ನಾನು ಅದನ್ನು ಒಪ್ಪಿಕೊಳ್ಳುವುದಿಲ್ಲ, ತಳ್ಳಿಹಾಕುವುದೂ ಇಲ್ಲ. ನಾಲ್ಕು ತಿಂಗಳು ಅವರಿಗೆ ಸಿಗಬೇಕಾಗಿದ್ದ ಗುಳಿಗೆಯನ್ನು ತಪ್ಪಿಸಿದ್ದು ನನ್ನ ನಾಲಿಗೆ. ಅಷ್ಟು ನನಗೆ ಗೊತ್ತು. ದೇವರು ಕ್ಷಮಿಸಿದ್ದಾನೆ ಎಂಬುದೂ ಗೊತ್ತು. ಎರಡನ್ನೂ ಹೊತ್ತುಕೊಂಡು ಬದುಕುವುದು ಹೇಗೆಂದು ಮಾತ್ರ ಇನ್ನೂ ಕಲಿಯುತ್ತಿದ್ದೇನೆ.

ಮಣ್ಣಾಗಿ ಎಂಟು ದಿನಕ್ಕೆ, ಬೆಳಿಗ್ಗೆ ಏಳು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ರತ್ನಮ್ಮ. ಬೈಯಲಿ, ಶಾಪ ಹಾಕಲಿ ಎಂದು ಗಟ್ಟಿ ಮಾಡಿಕೊಂಡೆ. ಅವರು ಕೇಳಿದ್ದು ಒಂದೇ, ಗುಳಿಗೆ ತಗೊಂಡಿರಾ? ಇಲ್ಲ, ಇನ್ನೂ ಚಹಾ ಆಗಿಲ್ಲ ಎಂದೆ. "ತಗೋರಿ. ನಾ ಫೋನ್ ಹಿಡಕೊಂಡೇ ಇರ್ತೀನಿ," ಎಂದರು. ಫೋನನ್ನು ಮೇಜಿನ ಮೇಲಿಟ್ಟು, ಒಂದೊಂದೇ ನುಂಗಿದೆ. ಆಯಿತು ಎಂದೆ. ಅವರು ಫೋನಿಟ್ಟರು.

ಮರುದಿನವೂ ಏಳಕ್ಕೆ ಬಂತು. ಅದರ ಮರುದಿನವೂ. ಎರಡು ಮಾತು, ಗುಳಿಗೆ ತಗೊಂಡಿರಾ, ಆಯಿತು, ಮುಗಿಯಿತು.  ಇದು ಶಿಕ್ಷೆಯೋ ದಯೆಯೋ ತಿಳಿಯದೆ ಡೇವಿಡ್‌ರನ್ನು ಕೇಳಿದೆ. ಕೇಳಬೇಡ, ಸುಮ್ಮನೆ ನುಂಗು ಎಂದರು. ಒಂದು ದಿನ ವಾಂತಿಯಾಗಿ ಆಗಿ ಸುಸ್ತಾಗಿದ್ದೆ, ಇವತ್ತೊಂದು ದಿನ ಬೇಡ ರತ್ನಮ್ಮ ಎಂದು ಅತ್ತುಬಿಟ್ಟೆ. ರತ್ನಮ್ಮ ಫೋನಿಡಲಿಲ್ಲ.

"ನಮ್ಮವರಿಗಿ ವಾಂತಿ ಆಗಿದ್ರ ನಾ ಎರಡೂ ಕೈಲೆ ಹಿಡೀತಿದ್ದೆ. ಅವ್ರಿಗಿ ಅಷ್ಟ್ ದಿನ ಸಿಗ್ಲಿಲ್ಲ. ತಗೋರಿ."

ತಗೊಂಡೆ. ಆ ದಿನ ಧೈರ್ಯ ಮಾಡಿ, ನನ್ನನ್ನು ಕ್ಷಮಿಸಿದ್ದೀರಾ ಎಂದು ಕೇಳಿದೆ. ಅದು ತನಗೂ ಗೊತ್ತಿಲ್ಲ ಎಂದರು. ಪ್ರಾರ್ಥನೆಗೆ ಕೂತರೆ ನಿಮ್ಮ ಹೆಸರು ಬಾಯಿಗೆ ಬರುವುದಿಲ್ಲ, ಫೋನು ಮಾತ್ರ ಕೈಗೆ ಬರುತ್ತದೆ ಎಂದರು. ಆಮೇಲೆ ನಾನು ಮತ್ತೆ ಕೇಳಲಿಲ್ಲ.

ಹನ್ನೊಂದು ತಿಂಗಳು ಮುಗಿಯಿತು. ಕಫ ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಏನಿಲ್ಲ ಎಂದು ಬಂತು. ಮೆಹಬೂಬ ಭಾಯಿ ಚೀಟಿಯ ಮೇಲೆ ಗೀಟು ಹಾಕಿ, ಇನ್ನು ನನ್ನ ಬಾಗಿಲಿಗೆ ಬರಬೇಡಿ ಎಂದು ನಕ್ಕರು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಫೋನಿನ ಮುಂದೆ ಕೂತಿದ್ದೆ. ಬಂತು. ಗುಳಿಗೆ ತಗೊಂಡಿರಾ ಎಂದು ಕೇಳಿದರು. ಮುಗಿದವು ರತ್ನಮ್ಮ, ನಿನ್ನೆಗೆ ಎಲ್ಲ ಮುಗಿದವು, ಮೆಹಬೂಬ ಭಾಯಿ ಆರಾಮಾಗಿದ್ದೀರಿ ಎಂದಿದ್ದಾರೆ ಎಂದೆ.  ಫೋನ್ ಕಟ್ಟಾಯಿತೇನೋ ಎಂದು ಎರಡು ಸಲ ನೋಡಿದೆ. ಇನ್ನೂ ಇದ್ದರು.

"ಹಂಗಾರ ನಾಳಿಂದ ಏನಂತ ಫೋನ್ ಮಾಡ್ಲಿರಿ?" ಎಂದರು.

 ಚಹಾ ಆಯಿತೇ ಎಂದು ಕೇಳಿ ಎಂದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಫೋನಿಟ್ಟರು. ಮರುದಿನ ಏಳಾಯಿತು, ಏಳೂವರೆಯಾಯಿತು, ಎಂಟಾಯಿತು. ಒಲೆಯ ಮೇಲಿನ ಚಹಾ ಎರಡು ಸಲ ಉಕ್ಕಿತು, ನಾನು ಏಳಲಿಲ್ಲ. ಎಂಟೂ ಕಾಲಿಗೆ ನಾನೇ ಆ ನಂಬರು ಒತ್ತಿದೆ, ಒಂದೇ ರಿಂಗಿಗೆ ಎತ್ತಿದರು.